ಎಟಿಡಿ ಫೋರ್ತ್ ವರ್ಲ್ಡ್ ಚಳವಳಿ

ಕಡುಬಡತನವು ಮನುಷ್ಯನ ಹಕ್ಕುಗಳ ಉಲ್ಲಂಘನೆ, ಅದನ್ನು ದಾನದಿಂದ ಹಗುರಗೊಳಿಸಿದರೆ ಸಾಲದು, ಬೇರುಸಹಿತ ಕೀಳಬೇಕು ಎಂದು ಹೊರಟ ಅಂತರರಾಷ್ಟ್ರೀಯ ಸ್ವಯಂಸೇವಾ ಚಳವಳಿ. ಇದು ಹುಟ್ಟಿದ್ದು 1957ರಲ್ಲಿ, ಪ್ಯಾರಿಸಿನ ಪೂರ್ವದ ಹೊರವಲಯದಲ್ಲಿದ್ದ ನ್ವಾಜಿ-ಲೆ-ಗ್ರಾಂ ಎಂಬಲ್ಲಿಯ ಮನೆಯಿಲ್ಲದವರ ಶಿಬಿರದಲ್ಲಿ. ಸ್ಥಾಪಕರಾದ ಜೋಸೆಫ್ ವ್ರೆಸಿನ್ಸ್ಕಿ (1917–1988) ಕ್ಯಾಥೊಲಿಕ್ ಪಾದ್ರಿಯಾಗಿದ್ದರೂ ಚಳವಳಿಯನ್ನು ಯಾವ ಧರ್ಮಕ್ಕೂ ಯಾವ ಪಕ್ಷಕ್ಕೂ ಕಟ್ಟಿಹಾಕಲಿಲ್ಲ. ಎಟಿಡಿ ಎಂಬ ಮೂರಕ್ಷರಗಳು ಮೊದಲು 'ಎಲ್ಲ ಸಂಕಟಕ್ಕೂ ನೆರವು' ಎಂಬರ್ಥದ ಫ್ರೆಂಚ್ ಹೆಸರಿನ ಸಂಕ್ಷೇಪವಾಗಿದ್ದವು. ಈಗ ಅವನ್ನು 'ಘನತೆಗಾಗಿ ಎಲ್ಲರೂ ಜೊತೆಯಾಗಿ' ಎಂದು ಬಿಡಿಸಿ ಹೇಳುತ್ತಾರೆ. ಸುಮಾರು ಮೂವತ್ತು ದೇಶಗಳಲ್ಲಿ ಇದರ ತಂಡಗಳಿವೆ. ಕೇಂದ್ರ ಕಚೇರಿ ಫ್ರಾನ್ಸಿನಲ್ಲಿದೆ.

ಬಡತನ ನಿವಾರಣೆಗೆ ಟೊಂಕ ಕಟ್ಟಿದ ಸಂಸ್ಥೆಗಳು ಜಗತ್ತಿನಲ್ಲಿ ಬಹಳ. ಹಣ, ಆಹಾರ, ಔಷಧಗಳ ಲೆಕ್ಕದಲ್ಲಿ ಎಟಿಡಿಗಿಂತ ಎಷ್ಟೋ ದೊಡ್ಡವು ಇವೆ. ಇದರ ಹಿರಿಮೆ ಬೇರೆ ಕಡೆ ಇದೆ. ಬಡತನವೆಂದರೇನೆಂದು ಬಡವರಿಗೇ ಚೆನ್ನಾಗಿ ಗೊತ್ತು, ಆ ತಿಳಿವಳಿಕೆಯನ್ನು ಕೇಳದೆ ಮಾಡಿದ ಕಾನೂನಾಗಲಿ ಯೋಜನೆಯಾಗಲಿ ಅರೆಬರೆಯಾಗಿಯೇ ಉಳಿಯುತ್ತದೆ ಎಂಬ ಮಾತನ್ನು ಇದು ಬರಿಯ ಘೋಷಣೆಯಾಗಿ ಬಿಡಲಿಲ್ಲ. ಅರವತ್ತು ವರ್ಷಗಳಿಗೂ ಮಿಕ್ಕಿ ಅದನ್ನು ಕೆಲಸದ ಕ್ರಮವಾಗಿ ನಡೆಸಿಕೊಂಡು ಬಂದಿದೆ.

ಸ್ಥಾಪಕ

ವ್ರೆಸಿನ್ಸ್ಕಿ 1917ರ ಫೆಬ್ರವರಿ 12ರಂದು ಪಶ್ಚಿಮ ಫ್ರಾನ್ಸಿನ ಆಂಜೇ ನಗರದಲ್ಲಿ ಹುಟ್ಟಿದರು. ಮೊದಲ ಮಹಾಯುದ್ಧದ ಕಾಲ. ತಂದೆ ಪೋಲೆಂಡ್ ಮೂಲದವರು, ಆದರೆ ಕೈಯಲ್ಲಿದ್ದದ್ದು ಜರ್ಮನ್ ಪಾಸ್‌ಪೋರ್ಟ್, ತಾಯಿ ಸ್ಪೇನಿನವರು. ಶತ್ರುದೇಶದವರೆಂಬ ಕಾರಣಕ್ಕೆ ಸರ್ಕಾರ ಕುಟುಂಬವನ್ನು ಕೂಡಿಹಾಕಿತ್ತು. ಮಗು ಕಣ್ಣುಬಿಟ್ಟದ್ದೇ ಆ ಸೆರೆಯಲ್ಲಿ. ಯುದ್ಧ ಮುಗಿದ ಮೇಲೂ ಬದುಕು ಹಸನಾಗಲಿಲ್ಲ. ತಂದೆ ಮನೆ ಬಿಟ್ಟು ಹೋದರು, ತಾಯಿ ಮಕ್ಕಳನ್ನು ಕಟ್ಟಿಕೊಂಡು ಉಳಿದರು. ಇನ್ನೂ ಎಳೆಯ ಹುಡುಗನಾಗಿದ್ದಾಗಲೇ ಜೋಸೆಫ್ ಹತ್ತಿರದ ಕಾನ್ವೆಂಟಿನ ಬೆಳಗಿನ ಬಲಿಪೂಜೆಗೆ ನೆರವಾಗಿ, ಮೇಕೆಗಳನ್ನು ನೋಡಿಕೊಂಡು ಮನೆಗೆ ನಾಲ್ಕು ಕಾಸು ತರುತ್ತಿದ್ದ.

ಆ ಮನೆಗೆ ಪ್ಯಾರಿಷ್‌ನ ದಾನಶೀಲ ಮಹಿಳೆಯರು ಬಂದುಹೋಗುತ್ತಿದ್ದರು. ಹುಡುಗನನ್ನು ಅನಾಥಾಲಯಕ್ಕೆ ಕಳಿಸಿಬಿಡುವುದು ಒಳ್ಳೆಯದೆಂದು ಅವರು ಸಲಹೆ ಕೊಟ್ಟಾಗ ತಾಯಿ ಒಪ್ಪಲಿಲ್ಲ. ದಾನವನ್ನು ಕೊಡುವವರ ಕಡೆಯಿಂದ ಕಂಡವರು ಹಲವರಿದ್ದಾರೆ. ಪಡೆಯುವವರ ಹೊಸ್ತಿಲ ಒಳಗೆ ನಿಂತು, ತಾಯಿಯ ಮುಖ ನೋಡುತ್ತ ಅದನ್ನು ಕಂಡು ಬೆಳೆದ ಸುಧಾರಕರು ವಿರಳ. ಬಡವರ ಮಕ್ಕಳನ್ನು ಅವರ ಹಿತದ ಹೆಸರಿನಲ್ಲೇ ಹೆತ್ತವರಿಂದ ಬೇರ್ಪಡಿಸುವ ಪದ್ಧತಿಯ ವಿರುದ್ಧ ಚಳವಳಿ ಇಂದಿಗೂ ಹೋರಾಡುತ್ತಿದೆ. ಆ ಹೋರಾಟದ ಬೇರು ಆಂಜೇಯ ಈ ಮನೆಯಲ್ಲಿದೆ ಎಂದರೆ ತಪ್ಪಾಗದು.

ಮುಂದೆ ಅವರು ಬೇಕರಿಯೊಂದರಲ್ಲಿ ಕೇಕು, ಸಿಹಿತಿನಿಸು ಮಾಡುವ ಕೆಲಸ ಕಲಿತರು. ಯುವ ಕ್ರೈಸ್ತ ಕಾರ್ಮಿಕರ ಸಂಘಟನೆಗೆ ಸೇರಿ, ಅಲ್ಲಿಂದ ಪಾದ್ರಿಯಾಗುವ ನಿರ್ಧಾರಕ್ಕೆ ಬಂದರು. 1946ರಲ್ಲಿ ದೀಕ್ಷೆಯಾಯಿತು. ಉತ್ತರ ಫ್ರಾನ್ಸಿನ ಸ್ವಾಸೋಂ ಧರ್ಮಪ್ರಾಂತ್ಯದಲ್ಲಿ ಕೂಲಿಕಾರರ ನಡುವೆ, ಹಳ್ಳಿಗರ ನಡುವೆ ಹತ್ತು ವರ್ಷ ಕೆಲಸ ಮಾಡಿದರು.

ನ್ವಾಜಿ-ಲೆ-ಗ್ರಾಂ ಶಿಬಿರ

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ಮನೆಗಳ ಅಭಾವ ವಿಪರೀತವಾಗಿತ್ತು. 1954ರ ಕೊರೆಯುವ ಚಳಿಗಾಲದಲ್ಲಿ ಜನ ಬೀದಿಯಲ್ಲಿ ಸಾಯತೊಡಗಿದಾಗ, ಎಮ್ಮಾವುಸ್ ಸಂಸ್ಥೆಯ ಅಬ್ಬೆ ಪಿಯೆರ್ ಫೆಬ್ರವರಿ 1ರಂದು ರೇಡಿಯೊದಲ್ಲಿ ನಾಡಿಗೆ ಮೊರೆಯಿಟ್ಟರು. ದೇಶ ಮಿಡಿಯಿತು. ಹಣ, ಹೊದಿಕೆ, ಬಟ್ಟೆ ಹರಿದುಬಂದವು. ಆ ಅಲೆಯಲ್ಲೇ ಎಮ್ಮಾವುಸ್ ನ್ವಾಜಿ-ಲೆ-ಗ್ರಾಂನಲ್ಲಿ ತಾತ್ಕಾಲಿಕ ವಸತಿ ಎಬ್ಬಿಸಿತು. ಶೀಟುಗಳನ್ನು ಕಮಾನಾಗಿ ಬಾಗಿಸಿ ನಿಲ್ಲಿಸಿದ ಆ ಗೂಡುಗಳಿಗೆ 'ಇಗ್ಲೂ' ಎಂದು ಹೆಸರು. ಬೇಸಿಗೆಯಲ್ಲಿ ಕಾದ ಹಂಚು, ಚಳಿಗಾಲದಲ್ಲಿ ಮಂಜುಗಡ್ಡೆ, ಮಳೆ ಬಂದರೆ ಸುತ್ತಲೂ ಕೆಸರು. ಕೆಲವು ತಿಂಗಳಿಗೆಂದು ಕಟ್ಟಿದ ಇವುಗಳಲ್ಲಿ ಕುಟುಂಬಗಳು ವರ್ಷಗಟ್ಟಲೆ ಉಳಿದವು.

1956ರ ಜುಲೈ 14ರಂದು, ಫ್ರಾನ್ಸ್ ತನ್ನ ರಾಷ್ಟ್ರೀಯ ಹಬ್ಬ ಆಚರಿಸುತ್ತಿದ್ದ ದಿನ, ವ್ರೆಸಿನ್ಸ್ಕಿ ತಮ್ಮ ಬಿಷಪ್ಪರ ಸೂಚನೆಯಂತೆ ಅಲ್ಲಿಗೆ ಬಂದರು. ಆಗ ಅಲ್ಲಿದ್ದವು 252 ಕುಟುಂಬಗಳು. ಅವರ ಕಣ್ಣಿಗೆ ಬಿದ್ದದ್ದು ತಮ್ಮದೇ ಬಾಲ್ಯ. ಈ ಕುಟುಂಬಗಳು ಒಂದು ದಿನ ವ್ಯಾಟಿಕನ್ನಿನ, ಫ್ರೆಂಚ್ ಅಧ್ಯಕ್ಷರ ಅರಮನೆಯಾದ ಎಲಿಸೆಯ, ವಿಶ್ವಸಂಸ್ಥೆಯ ಮೆಟ್ಟಿಲು ಹತ್ತುವಂತೆ ಮಾಡುತ್ತೇನೆ ಎಂದು ತಮಗೆ ತಾವೇ ಮಾತು ಕೊಟ್ಟುಕೊಂಡದ್ದಾಗಿ ಅವರು ಮುಂದೆ ನೆನೆದಿದ್ದಾರೆ. ಶಿಬಿರದಲ್ಲೇ ಬಿಡಾರ ಹೂಡಿದರು.

ಅವರು ಇಟ್ಟ ಮೊದಲ ಹೆಜ್ಜೆಗಳಲ್ಲೊಂದು ಇಂದಿಗೂ ಕೇಳುವವರನ್ನು ತಡೆದು ನಿಲ್ಲಿಸುತ್ತದೆ: ಶಿಬಿರದಲ್ಲಿ ಸೂಪು ಹಂಚುವುದನ್ನೂ ಹಳೆಬಟ್ಟೆ ಕೊಡುವುದನ್ನೂ ಅವರು ನಿಲ್ಲಿಸಿದರು. ಪಾತ್ರೆ ಹಿಡಿದು ಸಾಲಿನಲ್ಲಿ ನಿಲ್ಲುವ ತಂದೆಯನ್ನು ಮಕ್ಕಳು ನೋಡುತ್ತಿದ್ದಾರೆ, ಆ ಸಾಲು ಹಸಿವಿಗಿಂತ ಆಳವಾದ ಗಾಯ ಮಾಡುತ್ತದೆ ಎಂಬುದು ಅವರ ನಿಲುವಾಗಿತ್ತು. ಶಿಬಿರ ನಡೆಸುತ್ತಿದ್ದವರೊಡನೆ ತಿಕ್ಕಾಟ ಹುಟ್ಟಿತು. ದೂರದ ಕಚೇರಿಯಲ್ಲಿ ಕುಳಿತವರು ಇಂಥ ತೀರ್ಮಾನ ಮಾಡಿದ್ದರೆ ಅದನ್ನು ಕ್ರೌರ್ಯವೆಂದೇ ಕರೆಯಬೇಕಾಗುತ್ತಿತ್ತು. ಅದೇ ಕೆಸರಿನಲ್ಲಿ, ಅದೇ ಚಳಿಯಲ್ಲಿ ಬದುಕುತ್ತಿದ್ದವರ ತೀರ್ಮಾನವಾದ್ದರಿಂದ ಅದಕ್ಕೆ ತೂಕ ಬಂತು. ನಿಲ್ಲಿಸಿದ್ದರ ಬದಲಿಗೆ ಅವರು ತಂದದ್ದೂ ಅನಿರೀಕ್ಷಿತವಾಗಿತ್ತು. ಗ್ರಂಥಾಲಯ ಬಂತು, ಶಿಶುವಿಹಾರ ಬಂತು, ಬಟ್ಟೆ ಒಗೆಯುವ ಜಾಗ ಬಂತು, ಹೆಂಗಸರು ತಲೆಬಾಚಿ ಸಿಂಗರಿಸಿಕೊಳ್ಳಲು ಒಂದು ಸೌಂದರ್ಯಗೃಹವೂ ಬಂತು. ಅಲ್ಲಿಯ ಪ್ರಾರ್ಥನಾಮಂದಿರಕ್ಕೆ ಬಣ್ಣದ ಗಾಜಿನ ಕಿಟಕಿಗಳನ್ನು ರಚಿಸಿಕೊಟ್ಟವರು ಆ ಕಾಲದ ಹೆಸರಾಂತ ಚಿತ್ರಕಾರ ಜಾನ್ ಬಾಜೇನ್. ಹೊಟ್ಟೆಗಿಲ್ಲದವರಿಗೆ ಚಿತ್ರಕಲೆ ಏಕೆಂದು ಕೇಳುವವರು ಆಗಲೂ ಇದ್ದರು. ಚೆಲುವು ಉಳ್ಳವರ ಸೊತ್ತಲ್ಲ ಎಂಬುದರಲ್ಲಿ ವ್ರೆಸಿನ್ಸ್ಕಿಗೆ ಸಂಶಯವಿರಲಿಲ್ಲ. ಆ ಹಟ ಇಂದಿಗೂ ಚಳವಳಿಯ ಸ್ವಭಾವದಲ್ಲಿ ಉಳಿದಿದೆ.

1957ರಲ್ಲಿ ಶಿಬಿರದ ಕುಟುಂಬಗಳು ಅವರೊಡನೆ ಸೇರಿ ಒಂದು ಸಂಘ ಕಟ್ಟಿದವು. ಸದಸ್ಯರಲ್ಲಿ ಕೆಲವರ ಹೆಸರು ಪೊಲೀಸ್ ದಾಖಲೆಯಲ್ಲಿತ್ತೆಂದು ಅಧಿಕಾರಿಗಳು ಅಡ್ಡಿ ಮಾಡಿದರು. ಹೊರಗಿನ ಸ್ನೇಹಿತರನ್ನೂ ಸೇರಿಸಿಕೊಂಡು ಮತ್ತೆ ಕಟ್ಟಬೇಕಾಯಿತು. ಬಡವರು ತಮಗಾಗಿ ತಾವೇ ಒಂದು ಸಂಘ ಮಾಡಿಕೊಳ್ಳುವುದೂ ಎಷ್ಟು ಕಷ್ಟವೆಂಬ ಪಾಠ ಚಳವಳಿಗೆ ಹುಟ್ಟುವಾಗಲೇ ಸಿಕ್ಕಿತು.

ಜೊತೆಗೆ ಬಂದವರು

ಆ ಸ್ನೇಹಿತರಲ್ಲಿ ಮುಖ್ಯರಾದವರು ಜೆನೆವಿಯೆವ್ ದ ಗಾಲ್-ಆಂಟೊನಿಯೋಜ್. ಜನರಲ್ ಶಾರ್ಲ್ ದ ಗಾಲ್ ಅವರ ಸೋದರನ ಮಗಳು. ನಾಜಿ ಆಕ್ರಮಣದ ವಿರುದ್ಧದ ಭೂಗತ ಹೋರಾಟದಲ್ಲಿ ಸಿಕ್ಕಿಬಿದ್ದು ರಾವೆನ್ಸ್‌ಬ್ರುಕ್ ಯಾತನಾಶಿಬಿರದಲ್ಲಿ ನರಳಿ ಬದುಕಿ ಬಂದಿದ್ದರು. 1958ರಲ್ಲಿ ವ್ರೆಸಿನ್ಸ್ಕಿಯವರ ಪರಿಚಯವಾಗಿ ನ್ವಾಜಿಗೆ ಹೋದಾಗ, ಅಲ್ಲಿಯವರ ಮುಖದಲ್ಲಿ ಅವರಿಗೆ ತಮ್ಮ ಸಹಬಂದಿಗಳ ಮುಖ ಕಂಡಿತು. ಮನುಷ್ಯನನ್ನು ಮನುಷ್ಯನಲ್ಲವೆಂಬಂತೆ ನಡೆಸಿಕೊಂಡಾಗ ಮೂಡುವ ಅದೇ ನೋವು. ಆಗ ಅವರು ಸಚಿವ ಆಂದ್ರೆ ಮಾಲ್ರೋ ಜೊತೆ ಕೆಲಸ ಮಾಡುತ್ತಿದ್ದರು. ಆ ಹುದ್ದೆ ಬಿಟ್ಟು ಬಂದು 1964ರಿಂದ 1998ರವರೆಗೆ ಎಟಿಡಿಯ ಫ್ರೆಂಚ್ ಶಾಖೆಯ ಅಧ್ಯಕ್ಷರಾಗಿ ದುಡಿದರು. 2015ರಲ್ಲಿ ಫ್ರಾನ್ಸ್ ಅವರಿಗೆ ತನ್ನ ಮಹನೀಯರ ಸಮಾಧಿಮಂದಿರವಾದ ಪಾಂತೆಯೋನಿನಲ್ಲಿ ಸ್ಥಾನ ಕೊಟ್ಟು ಗೌರವಿಸಿತು. ನೆದರ್ಲೆಂಡ್ಸಿನ ರಾಜತಾಂತ್ರಿಕ ಸೇವೆಯಲ್ಲಿದ್ದ ಆಲ್ವಿನ್ ದ ವೊಸ್ ವಾನ್ ಸ್ಟೇನ್‌ವೈಕ್ ಕೂಡ ಹೀಗೆಯೇ ಬಂದು ಸಂಶೋಧನೆಯ ಕೆಲಸವನ್ನೂ ಅಂತರರಾಷ್ಟ್ರೀಯ ಸಂಪರ್ಕವನ್ನೂ ಬೆಳೆಸಿದರು.

ಚಳವಳಿಯ ಬೆನ್ನೆಲುಬು ಅದರ ಪೂರ್ಣಾವಧಿ ಸ್ವಯಂಸೇವಕರು. ಬೇರೆ ಬೇರೆ ದೇಶ, ಧರ್ಮ, ವೃತ್ತಿಗಳಿಂದ ಬಂದ ಇವರ ಸಂಖ್ಯೆ ಕೆಲವು ನೂರು ಮಾತ್ರ. ಹಿರಿಯರಿರಲಿ ಕಿರಿಯರಿರಲಿ, ಡಾಕ್ಟರಿರಲಿ ಬಡಗಿಯಿರಲಿ, ಎಲ್ಲರಿಗೂ ಒಂದೇ ಬಗೆಯ ಅಲ್ಪ ಸಂಭಾವನೆ. ಕಡುಬಡವರ ನೆರೆಯಲ್ಲೇ ವಾಸ. ಕಂಡದ್ದನ್ನು, ಕೇಳಿದ್ದನ್ನು ದಿನದಿನವೂ ಬರೆದಿಡುವುದು ಅವರ ಕೆಲಸದ ಒಂದು ಭಾಗ. ಯಾರೂ ಚರಿತ್ರೆ ಬರೆಯದ ಜನರ ಬದುಕಿನ ಇಂಥ ಬರಹಗಳು ಪ್ಯಾರಿಸಿನ ಉತ್ತರಕ್ಕಿರುವ ಬಯೆ-ಆಂ-ಫ್ರಾನ್ಸ್‌ನ ವ್ರೆಸಿನ್ಸ್ಕಿ ದಾಖಲೆ ಮತ್ತು ಸಂಶೋಧನಾ ಕೇಂದ್ರದಲ್ಲಿ ಸೇರಿವೆ. ಸ್ವಯಂಸೇವಕರ ಹೊರತಾಗಿ ಬಡತನವನ್ನು ಸ್ವತಃ ಉಂಡು ಈಗ ಇತರರ ಪರವಾಗಿ ನಿಲ್ಲುವ ಕಾರ್ಯಕರ್ತರಿದ್ದಾರೆ. ತಂತಮ್ಮ ಉದ್ಯೋಗದಲ್ಲಿದ್ದುಕೊಂಡೇ ಕೈಜೋಡಿಸುವ ಬೆಂಬಲಿಗರಿದ್ದಾರೆ.

'ನಾಲ್ಕನೆಯ ಜಗತ್ತು' ಎಂಬ ಹೆಸರು ಸೇರಿದ್ದು 1960ರ ದಶಕದ ಕೊನೆಯಲ್ಲಿ. 1789ರ ಫ್ರೆಂಚ್ ಕ್ರಾಂತಿಯ ಹೊಸ್ತಿಲಲ್ಲಿ ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಎಂಬ ಮೂರು ವರ್ಗಗಳ ಪ್ರತಿನಿಧಿಗಳ ಸಭೆ ಕೂಡಿತಷ್ಟೆ. ದಿನಗೂಲಿಯವರು, ಅಂಗವಿಕಲರು, ನಿರ್ಗತಿಕರು ಈ ಮೂರರಲ್ಲಿ ಎಲ್ಲೂ ಇಲ್ಲ, ಅವರದು ನಾಲ್ಕನೆಯ ವರ್ಗ ಎಂದು ದುಫೂರ್ನಿ ದ ವಿಲಿಯೆ ಎಂಬಾತ ಅದೇ ವರ್ಷ ಕಿರುಹೊತ್ತಗೆ ಪ್ರಕಟಿಸಿದ್ದ. ವ್ರೆಸಿನ್ಸ್ಕಿ ಹೆಸರನ್ನು ಆರಿಸಿಕೊಂಡದ್ದು ಅಲ್ಲಿಂದ. ಬಡ ದೇಶಗಳಲ್ಲಿರಲಿ ಸಿರಿವಂತ ದೇಶಗಳಲ್ಲಿರಲಿ, ಲೆಕ್ಕದಿಂದ ಹೊರಗುಳಿದವರೆಲ್ಲ ಒಂದೇ ಜನಸಮುದಾಯ ಎಂಬ ಅರಿವನ್ನು ಆ ಹೆಸರು ಕೊಟ್ಟಿತು.

ಪುಸ್ತಕ, ಮಾತು, ಮಕ್ಕಳು

ಬೀದಿ ಗ್ರಂಥಾಲಯ ಎಟಿಡಿಯ ಅತ್ಯಂತ ಪರಿಚಿತ ಚಟುವಟಿಕೆ. ವಾರದ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಕೊಳೆಗೇರಿಯ ಓಣಿಯಲ್ಲೋ ಕಾಲುದಾರಿಯಲ್ಲೋ ಚಾಪೆ, ಕಂಬಳಿ ಹಾಸಿ ಪುಸ್ತಕ, ಬಣ್ಣ, ಕಾಗದ ಹರಡುತ್ತಾರೆ. ಮಕ್ಕಳ ಜೊತೆ ಕೂತು ಓದುತ್ತಾರೆ. ಬರ್ಕಿನಾ ಫಾಸೊದ ರಾಜಧಾನಿ ವಾಗಡೂಗುವಿನಲ್ಲಿ ಬೀದಿಯಲ್ಲೇ ಮಲಗುವ ಹುಡುಗರಿಗಾಗಿ ರಾತ್ರಿ ಬೀದಿದೀಪದ ಕೆಳಗೆ ಇದು ನಡೆಯಿತು. ಫಿಲಿಪೀನ್ಸಿನ ಮನಿಲಾದಲ್ಲಿ ಸ್ಮಶಾನದ ಗೋರಿಗಳ ನಡುವೆ ಬದುಕುವ ಕುಟುಂಬಗಳ ಮಕ್ಕಳ ಬಳಿಗೂ ತಂಡ ಹೋಗುತ್ತದೆ. ಕೊಟ್ಟ ಮಾತಿನಂತೆ ಪ್ರತಿವಾರ ಬರುವುದೇ ಇಲ್ಲಿ ಮುಖ್ಯ. ಒಮ್ಮೆ ಬಂದು ಫೋಟೊ ತೆಗೆಸಿಕೊಂಡು ಮರೆಯಾಗುವವರನ್ನು ಆ ಮಕ್ಕಳು ಬೇಕಾದಷ್ಟು ಕಂಡಿರುತ್ತಾರೆ.

ಮಕ್ಕಳ ಶಾಖೆಯ ಹೆಸರು 'ಟಪೋರಿ', ಮತ್ತು ಅದು ಭಾರತದಿಂದ ಹೋದದ್ದು. 1960ರ ದಶಕದ ನಡುವಿನಲ್ಲಿ ಭಾರತಕ್ಕೆ ಬಂದಿದ್ದ ವ್ರೆಸಿನ್ಸ್ಕಿ ಮುಂಬಯಿಯ ರೈಲು ನಿಲ್ದಾಣಗಳಲ್ಲಿ ದಿಕ್ಕಿಲ್ಲದೆ ಬದುಕುತ್ತಿದ್ದ ಮಕ್ಕಳನ್ನು ಕಂಡರು. ರೈಲಿನಲ್ಲಿ ಉಳಿದ ಆಹಾರವನ್ನು ಹೆಕ್ಕಿ ತಂದು ಆ ಹುಡುಗರು ತಮ್ಮತಮ್ಮಲ್ಲೇ ಹಂಚಿಕೊಂಡು ತಿನ್ನುತ್ತಿದ್ದರು. ಊರವರು ತಿರಸ್ಕಾರದಿಂದ ಕರೆಯುತ್ತಿದ್ದ ಹೆಸರನ್ನೇ ಅವರು ಮಕ್ಕಳ ಗೆಳೆತನದ ಜಾಲಕ್ಕೆ ಇಟ್ಟರು. 1967ರಲ್ಲಿ ಶುರುವಾದ ಟಪೋರಿಯ ಮೂಲಕ ಅನುಕೂಲಸ್ಥ ಮನೆಯ ಮಕ್ಕಳೂ ಕಡುಬಡ ಮಕ್ಕಳೂ ಒಬ್ಬರಿಗೊಬ್ಬರು ಬರೆಯುತ್ತಾರೆ, ಒಬ್ಬರ ಬದುಕನ್ನು ಇನ್ನೊಬ್ಬರು ಅರಿಯುತ್ತಾರೆ. ಕನ್ನಡ ಸಿನಿಮಾಗಳಲ್ಲಿ ಪುಂಡರಿಗೆ ಅಂಟಿದ ಈ ಪದ ಯುರೋಪು, ಆಫ್ರಿಕಗಳ ಶಾಲೆಗಳಲ್ಲಿ ಹಂಚಿ ತಿನ್ನುವ ಮಕ್ಕಳ ಗೌರವದ ಹೆಸರಾಗಿದೆ.

ದೊಡ್ಡವರಿಗಾಗಿ ಇರುವುದು 1972ರಲ್ಲಿ ಪ್ಯಾರಿಸಿನಲ್ಲಿ ತೊಡಗಿದ 'ಜನತಾ ವಿಶ್ವವಿದ್ಯಾಲಯ'. ಇಲ್ಲಿ ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ. ಬಡತನ ಬಲ್ಲವರು ತಂತಮ್ಮ ಕೇರಿಯ ಗುಂಪಿನಲ್ಲಿ ಒಂದು ವಿಷಯವನ್ನು ಮೊದಲೇ ಚರ್ಚಿಸಿ ಬರುತ್ತಾರೆ. ಶಾಲೆ, ಮನೆ, ಆಸ್ಪತ್ರೆ, ಸಾಲ, ಪ್ರೀತಿ, ಯಾವುದೂ ಆಗಬಹುದು. ಸಭೆಗೆ ಕರೆಸಿಕೊಂಡ ತಜ್ಞರಾಗಲಿ ಅಧಿಕಾರಿಯಾಗಲಿ ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಮಾತು. ಜೀವಮಾನವಿಡೀ ಬರೀ ಪ್ರಶ್ನೆಗೆ ಉತ್ತರ ಕೊಟ್ಟವರು, ಅರ್ಜಿ ತುಂಬಿ ಕೊಟ್ಟವರು ಇಲ್ಲಿ ತಾವೇ ವಿಷಯ ಮಂಡಿಸುವುದನ್ನು ಕಲಿಯುತ್ತಾರೆ. ನನ್ನ ಎಣಿಕೆಯಲ್ಲಿ ಚಳವಳಿಯ ಅತಿ ದೊಡ್ಡ ಸಾಧನೆ ಇದು. ಮುಂದೆ ಬಂದ ಕಾನೂನುಗಳಿಗೆಲ್ಲ ಕಸುವು ಸಿಕ್ಕಿದ್ದು ಈ ಸಭೆಗಳಲ್ಲಿ.

1987 ಮತ್ತು ಅದರ ಫಲ

ವ್ರೆಸಿನ್ಸ್ಕಿ 1979ರಲ್ಲಿ ಫ್ರಾನ್ಸಿನ ಆರ್ಥಿಕ ಮತ್ತು ಸಾಮಾಜಿಕ ಪರಿಷತ್ತಿನ ಸದಸ್ಯರಾದರು. ಪರಿಷತ್ತಿಗಾಗಿ ಅವರು ಸಿದ್ಧಪಡಿಸಿದ ಕಡುಬಡತನದ ವರದಿ 1987ರ ಫೆಬ್ರವರಿಯಲ್ಲಿ ಅಂಗೀಕೃತವಾಯಿತು. ವರದಿಯ ತಿರುಳು ಹೀಗೆ: ಕೆಲಸ, ಮನೆ, ಆರೋಗ್ಯ, ಶಿಕ್ಷಣ ಮುಂತಾದ ಭದ್ರತೆಗಳಲ್ಲಿ ಒಂದೋ ಎರಡೋ ತಪ್ಪಿದರೆ ಮನುಷ್ಯ ಅಭದ್ರನಾಗುತ್ತಾನೆ. ಆ ಕೊರತೆ ಬದುಕಿನ ಹಲವು ಕ್ಷೇತ್ರಗಳಿಗೆ ಹಬ್ಬಿ, ಬಹುಕಾಲ ನಿಂತು, ಕಳೆದುಕೊಂಡ ಹಕ್ಕುಗಳನ್ನು ಸ್ವಂತ ಬಲದಿಂದ ಮರಳಿ ಪಡೆಯುವ ದಾರಿಯನ್ನೇ ಮುಚ್ಚಿದಾಗ ಅದು ಕಡುಬಡತನ. ಆದಾಯದ ಒಂದು ಗೆರೆ ಎಳೆದು ಅದರ ಮೇಲೆ ಕೆಳಗೆ ಎಂದು ಎಣಿಸುವ ರೂಢಿಗೆ ಇದು ಬೇರೆಯೇ ನೋಟ. ಒಂದೇ ಸವಲತ್ತು ಕೊಟ್ಟು ಕೈತೊಳೆದುಕೊಳ್ಳಲಾಗದು, ಎಲ್ಲ ಹಕ್ಕುಗಳನ್ನೂ ಒಟ್ಟಿಗೇ ಹಿಡಿಯಬೇಕು ಎಂಬುದು ಇದರಿಂದ ಹೊರಡುವ ತೀರ್ಮಾನ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಚರ್ಚೆಯಲ್ಲೂ ಈ ವಿವರಣೆ ಮುಂದೆ ಬಳಕೆಯಾಯಿತು.

ಅದೇ ವರ್ಷ ಅಕ್ಟೋಬರ್ 17ರಂದು ಪ್ಯಾರಿಸಿನ ಟ್ರೊಕಾಡೆರೊದಲ್ಲಿ ಸುಮಾರು 1,00,000 ಜನ ಸೇರಿದರು. 1948ರಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾದ ಸ್ಥಳ ಅದು. ಹಸಿವು, ಅಜ್ಞಾನ, ಹಿಂಸೆಗಳಿಗೆ ಬಲಿಯಾದವರ ಗೌರವಾರ್ಥ ಅಲ್ಲಿ ಒಂದು ಶಿಲೆ ಅನಾವರಣವಾಯಿತು. ಕಡುಬಡತನ ಇರುವೆಡೆ ಮಾನವ ಹಕ್ಕು ಮುರಿದಿದೆ, ಅದನ್ನು ಉಳಿಸಲು ಒಂದಾಗುವುದು ಪವಿತ್ರ ಕರ್ತವ್ಯ ಎಂಬ ಆಶಯದ ವ್ರೆಸಿನ್ಸ್ಕಿಯವರ ಮಾತು ಅದರ ಮೇಲಿದೆ. ನಾಲ್ಕು ತಿಂಗಳ ಬಳಿಕ, 1988ರ ಫೆಬ್ರವರಿ 14ರಂದು ಅವರು ತೀರಿಕೊಂಡರು. ಜನ ವರ್ಷವರ್ಷವೂ ಅಕ್ಟೋಬರ್ 17ರಂದು ಸೇರುತ್ತಲೇ ಹೋದರು. 1992ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ದಿನವನ್ನು ಅಂತರರಾಷ್ಟ್ರೀಯ ಬಡತನ ನಿರ್ಮೂಲನ ದಿನವೆಂದು ಸಾರಿತು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಉದ್ಯಾನದಲ್ಲಿ ಆ ಶಿಲೆಯ ಪ್ರತಿರೂಪ 1996ರಿಂದ ಇದೆ. ನಮ್ಮ ಪತ್ರಿಕೆಗಳಲ್ಲೂ ಈ ದಿನಾಚರಣೆಯ ಲೇಖನಗಳು ಬರುತ್ತವೆ. ಅದನ್ನು ಶುರುಮಾಡಿದವರು ಸರ್ಕಾರಗಳಲ್ಲ, ಇಗ್ಲೂಗಳಲ್ಲಿ ಬದುಕಿದ ಕುಟುಂಬಗಳ ಚಳವಳಿ ಎಂಬುದು ಅವುಗಳಲ್ಲಿ ಬರುವುದು ಅಪರೂಪ.

ಫ್ರಾನ್ಸಿನಲ್ಲಿ 1988ರ ಡಿಸೆಂಬರಿನಲ್ಲಿ ಕನಿಷ್ಠ ಆದಾಯ ಖಾತರಿಯ ಕಾನೂನು ಬಂತು. ಅದು ವರದಿಯ ಒಂದಂಶ ಮಾತ್ರ. ಪೂರ್ಣ ಕಾನೂನಿಗಾಗಿ ಜೆನೆವಿಯೆವ್ ಇನ್ನೂ ಹತ್ತು ವರ್ಷ ಹೋರಾಡಿದರು. 1997ರ ಏಪ್ರಿಲಿನಲ್ಲಿ ಅವರು ರಾಷ್ಟ್ರೀಯ ಸಭೆಯಲ್ಲಿ ಮಸೂದೆಯ ಪರವಾಗಿ ಮಾತಾಡಿದ ಕೆಲವೇ ದಿನಗಳಲ್ಲಿ ಸಭೆ ವಿಸರ್ಜನೆಯಾಯಿತು, ಎಲ್ಲವೂ ಮೊದಲಿಂದ. ಕೊನೆಗೆ 1998ರ ಜುಲೈ 29ರ ಕಾನೂನು ಬಹಿಷ್ಕೃತ ಬದುಕಿನ ವಿರುದ್ಧದ ಹೋರಾಟವನ್ನು ಎಲ್ಲ ಮನುಷ್ಯರ ಸಮಾನ ಘನತೆಯ ಮೇಲೆ ನಿಂತ ರಾಷ್ಟ್ರೀಯ ಕರ್ತವ್ಯವೆಂದು ಸಾರಿತು. ಮರುವರ್ಷ ಎಲ್ಲರಿಗೂ ಆರೋಗ್ಯ ವಿಮೆ ನೀಡುವ ಕಾನೂನು ಬಂತು. ಬಡತನದ ಕಾರಣಕ್ಕೆ ಭೇದ ಮಾಡುವುದು 2016ರಿಂದ ಅಲ್ಲಿ ಅಪರಾಧ. ಬಾಡಿಗೆಗೆ ಮನೆ ಕೇಳಲು ಹೋದವರು, ಸರ್ಕಾರಿ ವಿಮೆಯ ಚೀಟಿ ಹಿಡಿದು ವೈದ್ಯರ ಬಾಗಿಲಲ್ಲಿ ನಿಂತವರು ಎದುರಿಸುವ ಅವಮಾನಕ್ಕೆ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಿತು. ಯುರೋಪಿನ ಮಟ್ಟದಲ್ಲಿ ಎಟಿಡಿ ಫ್ರಾನ್ಸಿನ ವಿರುದ್ಧವೇ ವಸತಿ ಹಕ್ಕಿನ ದೂರು ಹೂಡಿತು. ಯುರೋಪಿನ ಸಾಮಾಜಿಕ ಹಕ್ಕುಗಳ ಸಮಿತಿ 2007ರಲ್ಲಿ ದೂರನ್ನು ಎತ್ತಿಹಿಡಿಯಿತು. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ 2012ರಲ್ಲಿ ಕಡುಬಡತನ ಮತ್ತು ಮಾನವ ಹಕ್ಕುಗಳ ಮಾರ್ಗಸೂಚಿಯನ್ನು ಒಪ್ಪಿಕೊಂಡದ್ದರ ಹಿಂದೆಯೂ ಚಳವಳಿಯ ದೀರ್ಘ ಒತ್ತಾಯವಿದೆ.

ಮೌಲ್ಯಗಳು

ಯಾವುದೇ ಯೋಜನೆಯನ್ನು ಎಟಿಡಿ ಅಳೆಯುವುದು ಒಂದೇ ಪ್ರಶ್ನೆಯಿಂದ: ಎಲ್ಲರಿಗಿಂತ ಕಷ್ಟದಲ್ಲಿರುವವನಿಗೆ ಇದು ಮುಟ್ಟಿತೆ? ಬಡವರಲ್ಲಿಯೂ ಸ್ವಲ್ಪ ಗಟ್ಟಿಗರಾದವರು, ಓದು ಬಲ್ಲವರು, ಕಚೇರಿಗೆ ಅಲೆಯಬಲ್ಲವರು ಸವಲತ್ತನ್ನು ಮೊದಲು ತಲುಪುತ್ತಾರೆ. ಯಶಸ್ಸಿನ ಅಂಕಿಅಂಶ ಅವರಿಂದಲೇ ತುಂಬಿಬಿಡುತ್ತದೆ. ಸಭೆಗೆ ಬಾರದವನನ್ನು, ಹೆಸರು ಬರೆಸಲು ನಾಚುವವಳನ್ನು ಹುಡುಕಿಕೊಂಡು ಹೋಗುವುದು ನಿಧಾನದ ಕೆಲಸ, ಲೆಕ್ಕಪತ್ರದಲ್ಲಿ ತೋರಿಸಲು ಕಷ್ಟ. ಈ ನಿಧಾನವನ್ನು ಚಳವಳಿ ತಿಳಿದೇ ಆರಿಸಿಕೊಂಡಿದೆ. ಕುಟುಂಬದ ಮೇಲಿನ ಒತ್ತು ಇನ್ನೊಂದು. ಇಂಗ್ಲೆಂಡಿನ ಸರ‍್ರಿಯಲ್ಲಿರುವ ಫ್ರಿಮ್‌ಹರ್ಸ್ಟ್ ಮನೆಯಲ್ಲಿ ಸಂಕಟದಲ್ಲಿರುವ ಕುಟುಂಬಗಳು ಒಟ್ಟಾಗಿ ಕೆಲವು ದಿನ ಕಳೆಯುತ್ತವೆ. ಬಡತನವನ್ನೇ ಪೋಷಕರ ನಿರ್ಲಕ್ಷ್ಯವೆಂದು ತಪ್ಪು ತಿಳಿದು ಮಕ್ಕಳನ್ನು ಒಯ್ಯುವುದರ ವಿರುದ್ಧ ಅಲ್ಲಿಯ ತಂಡ ದನಿಯೆತ್ತುತ್ತದೆ.

ಟೀಕೆಗೂ ಎಡೆಯಿದೆ. ಸ್ಥಾಪಕರ ಮಾತಿಗೆ ಚಳವಳಿ ಅತಿಯಾಗಿ ಆತುಕೊಂಡಿದೆ. ಎಲ್ಲರ ಸಹಮತ ಗಳಿಸುವ ಹಂಬಲದಲ್ಲಿ ಸಂಪತ್ತಿನ ಹಂಚಿಕೆಯ ಬಿರುಸು ಪ್ರಶ್ನೆಗಳನ್ನು ಮೆಲುದನಿಯಲ್ಲಿ ಕೇಳುತ್ತದೆ. ಅಕ್ಟೋಬರ್ 17 ಹಲವು ದೇಶಗಳಲ್ಲಿ ಭಾಷಣದ ದಿನವಾಗಿದೆ. ಇವೆಲ್ಲ ನಿಜವೇ. ಆದರೆ ಮುಂದಿನ ಎರಡು ಕೆಲಸಗಳನ್ನು ನೋಡಿದರೆ ಮೂಲದ ಚೈತನ್ಯ ಬತ್ತಿಲ್ಲವೆಂದು ತಿಳಿಯುತ್ತದೆ.

ಮೊದಲನೆಯದು ಜ್ಞಾನಗಳನ್ನು ಕೂಡಿಸುವ ಪ್ರಯತ್ನ. 1996ರಿಂದ ಎರಡು ವರ್ಷ ಬಡತನ ಉಂಡ ಕಾರ್ಯಕರ್ತರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಸ್ವಯಂಸೇವಕರು ಸಮಾನರಾಗಿ ಕೂತು ಸಂಶೋಧನೆ ನಡೆಸಿದರು, ಜೊತೆಯಾಗಿಯೇ ಬರೆದರು. ಇದೇ ಕ್ರಮದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊತೆಗೂಡಿ ಬಾಂಗ್ಲಾದೇಶ, ಬೊಲಿವಿಯ, ಫ್ರಾನ್ಸ್, ತಾಂಜಾನಿಯ, ಬ್ರಿಟನ್, ಅಮೆರಿಕಗಳಲ್ಲಿ ನಡೆಸಿದ ಅಧ್ಯಯನ 2019ರಲ್ಲಿ ಹೊರಬಂತು. ಬಡತನಕ್ಕೆ ಒಂಬತ್ತು ಮುಖಗಳಿವೆಯೆಂದು ಅದು ತೋರಿಸಿತು. ಅವುಗಳಲ್ಲಿ ಆದಾಯ, ಕೆಲಸ, ವಸ್ತುಗಳ ಕೊರತೆ ಇದ್ದೇ ಇವೆ. ಜೊತೆಗೆ ಸಂಸ್ಥೆಗಳ ದುರ್ವರ್ತನೆ, ಸಮಾಜದ ದುರ್ವರ್ತನೆ, ತನ್ನ ಬದುಕಿನ ಮೇಲೆ ತನಗೇ ಹಿಡಿತವಿಲ್ಲದಿರುವುದು, ಮೈಮನಸ್ಸಿನ ನೋವು, ಯಾರೂ ಗುರುತಿಸದ ದುಡಿಮೆ, ದಿನದಿನದ ಸೆಣಸಾಟ ಇವೂ ಸೇರಿವೆ. ಬಡ ದೇಶ, ಸಿರಿ ದೇಶಗಳೆರಡರಲ್ಲೂ ಇವೇ ಮುಖಗಳು ಕಂಡವು.

ಎರಡನೆಯದು ಉದ್ಯೋಗದ ಪ್ರಯೋಗ. ಬಹುಕಾಲದಿಂದ ಕೆಲಸವಿಲ್ಲದವರ ಭತ್ಯೆಗೂ ಅದರ ಸುತ್ತಲ ವೆಚ್ಚಕ್ಕೂ ಸರ್ಕಾರ ಹಾಕುವ ಹಣವನ್ನು ಸಂಬಳಕ್ಕೇ ತಿರುಗಿಸಿದರೆ ಹೇಗೆ ಎಂದು ಎಟಿಡಿ ಕೇಳಿತು. 2016ರ ಫೆಬ್ರವರಿಯಲ್ಲಿ ಫ್ರೆಂಚ್ ಸಂಸತ್ತು ಹತ್ತು ಪ್ರದೇಶಗಳಲ್ಲಿ ಇದನ್ನು ಪರೀಕ್ಷಿಸುವ ಕಾನೂನು ಮಾಡಿತು. ವರ್ಷಕ್ಕೂ ಮೇಲ್ಪಟ್ಟು ಕೆಲಸವಿಲ್ಲದ, ಕೆಲಸ ಬಯಸುವ ಯಾರನ್ನೂ ಆರಿಸದೆ, ತಿರಸ್ಕರಿಸದೆ, ಕನಿಷ್ಠ ವೇತನದ ಮೇಲೆ ಕಾಯಂ ನೌಕರಿಗೆ ತೆಗೆದುಕೊಳ್ಳುವ ಸ್ಥಳೀಯ ಸಂಸ್ಥೆಗಳು ಹುಟ್ಟಿದವು. ಹಳೆಯ ಸಾಮಾನಿನ ದುರಸ್ತಿ, ತರಕಾರಿ ಬೆಳೆ, ವಯಸ್ಸಾದವರಿಗೆ ಒತ್ತಾಸೆ ಹೀಗೆ ಊರಿಗೆ ಬೇಕಿದ್ದೂ ಯಾರೂ ಕೈಹಾಕದ ಕೆಲಸಗಳನ್ನು ಅಲ್ಲಿಯವರೇ ಕೂತು ಗುರುತಿಸಿದರು. 2020ರ ಡಿಸೆಂಬರಿನ ಎರಡನೆಯ ಕಾನೂನು ಪ್ರಯೋಗವನ್ನು ಇನ್ನೂ ಹಲವು ಊರುಗಳಿಗೆ ವಿಸ್ತರಿಸಿತು. ಅದನ್ನು ಈಗ ನಡೆಸುತ್ತಿರುವುದು ಎಟಿಡಿಯಿಂದ ಬೇರೆಯಾಗಿ ನಿಂತ ಒಂದು ಸ್ವತಂತ್ರ ಸಂಘ.